ಹಣ: ಒಂದು ಪುಟ್ಟ ನಾಣ್ಯದ ಕಥೆ

ನಮ್ಮ ಮಂಗಳವೇಢೆಯ ಸೀಮೆಯಲ್ಲಿ ಮಾತಿಗೆ ‘ರೊಕ್ಕ’, ಬರಹಕ್ಕೆ ‘ಹಣ’. ಒಮ್ಮೆ ತರಗತಿಯಲ್ಲಿ ವಿದ್ಯಾರ್ಥಿಯೊಬ್ಬನು, “ಗುರುಗಳೆ, ಪುಸ್ತಕದಾಗ ‘ಹತ್ತು ಹಣ’ ಅಂತ ಅದರಿ. ಹಣಾ ಅಂದ್ರ ರೊಕ್ಕ ಅಲ್ಲೇನ್ರಿ? ಅದನ್ನ ಹತ್ತು ಅಂತ ಹ್ಯಾಂಗ ಎಣಸೂದ್ರಿ?” ಎಂದು ಕೇಳಿದನು. ಆ ಪ್ರಶ್ನೆಯೇ ಈ ಲೇಖನಕ್ಕೆ ಪ್ರೇರಣೆ.

ಇಂದು ಸಂಪತ್ತನ್ನೆಲ್ಲ ಸೂಚಿಸುವ ‘ಹಣ’ವು ಹಿಂದೆ ಒಂದು ನಾಣ್ಯದ ಹೆಸರಾಗಿದ್ದಿತು. ಅದು ಚಿನ್ನದ್ದೇ ಆದರೂ ತೂಕದಲ್ಲಿ ಅರ್ಧ ಗ್ರಾಮಿಗೂ ಕಡಿಮೆ. ಕಿರುಬೆರಳ ಉಗುರಿನ ಮೇಲೆ ನಿಲ್ಲುವಷ್ಟು ಚಿಕ್ಕದು. ಸಾಮಾನ್ಯವಾಗಿ ಹತ್ತು ಹಣಕ್ಕೆ ಒಂದು ಗದ್ಯಾಣ. ಹಣದ ಅರ್ಧ ‘ಅಡ್ಡ’, ಕಾಲುಭಾಗ ‘ಹಾಗ’, ಹದಿನಾರರಲ್ಲೊಂದು ಪಾಲು ‘ವೀಸ’. ತಮಿಳು, ಮಲಯಾಳಗಳ ‘ಪಣಂ’ ಇದರ ಬಂಧು. ಆಂಗ್ಲರು ಇದನ್ನೇ ‘ಫನಮ್’ ಎಂದರು.

ಇದರ ಮೂಲ ಸಂಸ್ಕೃತದ ‘ಪಣ’. ಜೂಜಿನಲ್ಲಿ ಒಡ್ಡುವ ವಸ್ತು, ಒಪ್ಪಂದ, ನಾಣ್ಯ ಎಂಬ ಅರ್ಥಗಳು ಅದಕ್ಕುಂಟು. ಹಳಗನ್ನಡದ ಪಕಾರವು ಮುಂದೆ ಹಕಾರವಾಯಿತೆಂಬುದನ್ನು ವಾಚಕರು ಬಲ್ಲರು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು. ಅಂತೆಯೇ ಪಣವು ಹಣವಾಯಿತು. ‘ಪೊನ್’ ಎಂಬುದು ‘ಹೊನ್ನು’ ಆಯಿತು. ಆ ಹೊನ್ನೇ ಮರಾಠಿಯಲ್ಲಿ ‘ಹೋನ’ ಎನಿಸಿ, 1674ರಲ್ಲಿ ಪಟ್ಟಾಭಿಷಿಕ್ತನಾದ ಶಿವಾಜಿ ಮಹಾರಾಜರ ಚಿನ್ನದ ನಾಣ್ಯಕ್ಕೆ ಹೆಸರಾಯಿತು. ಗಡಿಯಲ್ಲಿ ಬಾಳುವ ನಾವು ನೆನೆಯತಕ್ಕ ಕೊಡುಕೊಳೆಯಿದು.

ಈ ಕಥೆಗೆ ನಮ್ಮ ಊರೂ ಸಾಕ್ಷಿ. ಕಳಚುರಿ ಬಿಜ್ಜಳನು ಕಲ್ಯಾಣಕ್ಕೆ ತೆರಳುವ ಮುನ್ನ ಅವನ ರಾಜಧಾನಿ ಮಂಗಳವೇಢೆಯೇ. ಬಸವಣ್ಣನವರು ಇಲ್ಲಿ ಕರಣಿಕರಾಗಿದ್ದು ಭಂಡಾರದ ಲೆಕ್ಕವನ್ನು ನೋಡಿದರೆಂದು ಪರಂಪರೆ ಹೇಳುತ್ತದೆ. ಪಕಾರವು ಹಕಾರಕ್ಕೆ ತಿರುಗುತ್ತಿದ್ದ 12ನೆಯ ಶತಮಾನವದು.

ವಿಶೇಷವೆಂದರೆ, ‘ಹಣ’ವು ಹುಟ್ಟಿದರೂ ‘ಪಣ’ವು ಅಳಿಯಲಿಲ್ಲ. ಒಂದೇ ಬೇರಿನ ಎರಡು ಕವಲುಗಳಂತೆ, ಒಂದು ಪೆಟ್ಟಿಗೆಯನ್ನು ಸೇರಿತು, ಇನ್ನೊಂದು ಮನಸ್ಸನ್ನು ಸೇರಿತು. ನಾವು ‘ಪಣ ತೊಡು’ ಎನ್ನುತ್ತೇವೆ; ನೆರೆಯ ಮರಾಠಿಗರು ‘ಪಣಾಲಾ ಲಾವಣೆ’ ಎನ್ನುತ್ತಾರೆ.

ಸರಕಾರವು ಆಜ್ಞೆ ಹೊರಡಿಸಿ ನಾಣ್ಯವನ್ನು ಹಿಂದಕ್ಕೆ ಪಡೆಯಬಲ್ಲದು. ನುಡಿಯನ್ನು ಹಾಗೆ ಹಿಂದಕ್ಕೆ ಪಡೆಯಲಾಗದು. ಆಡುವವರು ಬಿಟ್ಟಾಗ ಮಾತ್ರ ಅದು ಸವೆಯುತ್ತದೆ. ಗಡಿನಾಡಿನ ಕನ್ನಡ ಶಾಲೆಗಳು ಹಣದಿಂದ ನಿಂತುದಕ್ಕಿಂತ ಪಣದಿಂದ ನಿಂತುದೇ ಹೆಚ್ಚು. ಐವತ್ತು ವರ್ಷ ತುಂಬಿದ ಈ ಶಾಲೆಯಲ್ಲಿ ನನ್ನ ವಿದ್ಯಾರ್ಥಿಯಂತೆ ಕನ್ನಡದ ಪದವೊಂದನ್ನು ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, ಪ್ರಶ್ನೆ ಕೇಳುವ ಮಕ್ಕಳು ಮುಂದೆಯೂ ಇರಲೆಂಬುದೇ ನನ್ನ ಹಾರೈಕೆ.