ಸ್ನ್ಯಾಪ್‌ಶಾಟ್ ಮರಳಿ ಬಾರದಾಗ: ಗಣಕೀಕೃತ ಲೆಕ್ಕಪತ್ರಗಳ ರಕ್ಷಣೆ

ಸಗಟು ವ್ಯಾಪಾರ ನಡೆಸುವ ಸಂಸ್ಥೆಯೊಂದನ್ನು ಉದಾಹರಣೆಗೆಂದು ಊಹಿಸಿಕೊಳ್ಳಬಹುದು. ಅದರ ಲೆಕ್ಕಪತ್ರ ತಂತ್ರಾಂಶವನ್ನು ಹೊಸ ಆವೃತ್ತಿಗೆ ಬದಲಾಯಿಸುವ ಮುನ್ನ, ಎಡವಟ್ಟಾದರೆ ಹಿಂದಿರುಗಲು ಅನುಕೂಲವಾಗಲೆಂದು ತಂತ್ರಜ್ಞರು ಶನಿವಾರ ಸಂಜೆ ಸರ್ವರಿನ ಸ್ನ್ಯಾಪ್‌ಶಾಟ್ ತೆಗೆದಿಟ್ಟರು. ವಾರದ ನಡುವೆ ಸಂಸ್ಥೆಗೆ ಹೊಸ ಸರ್ವರ್ ಬಂದಿತು. ಎಲ್ಲವನ್ನೂ ಅದಕ್ಕೆ ಸ್ಥಳಾಂತರಿಸಲಾಯಿತು. ಹತ್ತನೆಯ ದಿನ ದಾಸ್ತಾನಿನ ಮೌಲ್ಯ ತಪ್ಪಾಗಿ ಬರುತ್ತಿರುವುದು ಬೆಳಕಿಗೆ ಬಂದು, ಹಳೆಯ ಸ್ಥಿತಿಗೆ ಮರಳಲು ಯತ್ನಿಸಿದಾಗ ಪರದೆಯ ಮೇಲೆ ಮೂಡಿದ್ದು ‘ಮರುಸ್ಥಾಪನೆ ವಿಫಲ’ ಎಂಬ ಸಂದೇಶ. ಗ್ರಾಹಕರ ಬಾಕಿ, ಬ್ಯಾಂಕ್ ಖಾತೆಗಳ ತಾಳೆ, ಜಿಎಸ್‌ಟಿ ರಿಟರ್ನ್ ಎಲ್ಲವೂ ಒಂದೇ ಯಂತ್ರವನ್ನು ನಂಬಿರುವಾಗ, ಗಾಬರಿಯಲ್ಲಿ ಕೈಗೊಳ್ಳುವ ಮೊದಲ ಕ್ರಮವೇ ದೊಡ್ಡ ನಷ್ಟಕ್ಕೆ ದಾರಿಯಾಗುವುದುಂಟು.

ಸ್ನ್ಯಾಪ್‌ಶಾಟ್ ಎಂದರೇನು?

ಒಂದೇ ಭೌತಿಕ ಗಣಕದೊಳಗೆ ತಂತ್ರಾಂಶದ ಬಲದಿಂದ ಪ್ರತ್ಯೇಕ ಗಣಕಗಳಂತೆಯೇ ನಡೆಯುವ ವ್ಯವಸ್ಥೆಗಳಿಗೆ ವರ್ಚುವಲ್ ಯಂತ್ರಗಳೆಂದು ಹೆಸರು. ಐಬಿಎಂ ಸಂಸ್ಥೆ 1972ರಲ್ಲಿ ತನ್ನ ದೊಡ್ಡ ಗಣಕಗಳಿಗಾಗಿ ಪ್ರಕಟಿಸಿದ್ದ ಈ ಬಗೆಯ ವ್ಯವಸ್ಥೆ, 1999ರಲ್ಲಿ ವಿಎಂವೇರ್ ಸಂಸ್ಥೆಯ ಉತ್ಪನ್ನದ ಮೂಲಕ ಸಾಮಾನ್ಯ ಗಣಕಗಳಿಗೂ ಇಳಿದು ಬಂದಿತು.

ಸ್ನ್ಯಾಪ್‌ಶಾಟ್ ತೆಗೆದ ಕ್ಷಣದಿಂದ ಮೂಲ ಡಿಸ್ಕ್ ಕಡತಕ್ಕೆ ಬರೆಯುವುದು ಸಾಮಾನ್ಯವಾಗಿ ನಿಲ್ಲುತ್ತದೆ. ಅನಂತರದ ಬದಲಾವಣೆಗಳೆಲ್ಲ ಪ್ರತ್ಯೇಕವಾದ ವ್ಯತ್ಯಾಸ ಕಡತದಲ್ಲಿ ಸೇರುತ್ತವೆ. ವರ್ತಕರ ಭಾಷೆಯಲ್ಲಿ ಹೇಳುವುದಾದರೆ, ಮೂಲ ಡಿಸ್ಕ್ ಎಂಬುದು ಶಿಲ್ಕು ತೆಗೆದು ಮುಚ್ಚಿಟ್ಟ ಖತಾವಣಿ. ವ್ಯತ್ಯಾಸ ಕಡತವು ಆ ದಿನದಿಂದೀಚಿನ ಕಿರ್ದಿ. ಖತಾವಣಿ ಕಳೆದುಹೋದರೆ ಕಿರ್ದಿಯೊಂದರಿಂದಲೇ ಇಂದಿನ ಶಿಲ್ಕು ಹೇಳಲಾಗದು. ಎರಡೂ ಒಂದೇ ಡಿಸ್ಕಿನಲ್ಲಿದ್ದು ಆ ಡಿಸ್ಕೇ ಕೆಟ್ಟರೆ ಎರಡೂ ಇಲ್ಲವಾಗುತ್ತವೆ. ಆದುದರಿಂದಲೇ ಸ್ನ್ಯಾಪ್‌ಶಾಟ್ ಬ್ಯಾಕಪ್ ಅಲ್ಲ. ಅದು ಅಲ್ಪಾವಧಿಯ ಅನುಕೂಲ ಮಾತ್ರ. ಒಂದು ಸ್ನ್ಯಾಪ್‌ಶಾಟನ್ನು 72 ಗಂಟೆಗಳಿಗಿಂತ ಹೆಚ್ಚು ಕಾಲ ಇಟ್ಟುಕೊಳ್ಳಬಾರದೆಂಬುದು ವಿಎಂವೇರ್ ಸಂಸ್ಥೆಯದೇ ಸಲಹೆ.

ಉಳಿಸುವಾಗ ಬರುವ ದೋಷಗಳು

ಮೊದಲನೆಯದು ಸ್ಥಳಾಭಾವ. ಓಡುತ್ತಿರುವ ಯಂತ್ರದ ಮೆಮೊರಿಯನ್ನೂ ಸೇರಿಸಿ ಉಳಿಸುವುದಾದರೆ, 16 ಜಿಬಿ ಮೆಮೊರಿಯುಳ್ಳ ಯಂತ್ರಕ್ಕೆ ಸುಮಾರು ಅಷ್ಟೇ ಹೆಚ್ಚುವರಿ ಸ್ಥಳ ಬೇಕಾಗಬಹುದು. ಎರಡನೆಯದು, ದತ್ತಾಂಶ ಬರೆಯುತ್ತಿರುವ ನಡುವೆಯೇ ಚಿತ್ರ ತೆಗೆಯುವುದು. ಅರ್ಧ ಬರೆದ ವೋಚರು ಅರ್ಧವಾಗಿಯೇ ಉಳಿದೀತು. ಇದನ್ನು ತಡೆಯಲು ವಿಂಡೋಸ್ ಸರ್ವರ್ 2016ರಿಂದೀಚೆಗೆ ಹೈಪರ್-ವಿ ವ್ಯವಸ್ಥೆಯು, ದತ್ತಾಂಶವನ್ನು ಮೊದಲು ಸುಸ್ಥಿತಿಗೆ ತಂದು ಅನಂತರ ಉಳಿಸುವ ಕ್ರಮವನ್ನು ರೂಢಿಯ ಆಯ್ಕೆಯಾಗಿ ಇರಿಸಿದೆ. ಮೂರನೆಯದು, ಪರವಾನಗಿಯ ಡಾಂಗಲ್‌ನಂತಹ ಸಾಧನಗಳು. ಯಂತ್ರಕ್ಕೆ ನೇರವಾಗಿ ಜೋಡಿಸಿದ ಇಂತಹ ಸಾಧನಗಳ ಸ್ಥಿತಿ ಸ್ನ್ಯಾಪ್‌ಶಾಟಿನಲ್ಲಿ ಸೇರದೆ ಹೋಗಬಹುದು.

ಮರಳಿಸುವಾಗ ಬರುವ ದೋಷಗಳು

ಸ್ಥಳ ಉಳಿಸಲೆಂದು ಯಾರೋ ಕಡತವೊಂದನ್ನು ಅಳಿಸಿದ್ದರೆ ಅಥವಾ ಬೇರೆಡೆಗೆ ಸರಿಸಿದ್ದರೆ ಸರಪಳಿ ತುಂಡಾಗುತ್ತದೆ. ಮೆಮೊರಿಯೊಡನೆ ಉಳಿಸಿದ ಸ್ಥಿತಿಯು ಅಂದಿನ ಪ್ರೊಸೆಸರಿನ ಲಕ್ಷಣಗಳಿಗೆ ಕಟ್ಟುಬಿದ್ದಿರುವುದರಿಂದ, ಬೇರೆ ತಯಾರಿಕೆಯ ಪ್ರೊಸೆಸರಿನ ಮೇಲೆ ಅದು ಎಚ್ಚರಗೊಳ್ಳುವುದಿಲ್ಲ. ಮೇಲಿನ ಉದಾಹರಣೆಯಲ್ಲಿ ನಡೆದುದು ಇದೇ. ಮರಳಿದ ಮೇಲೆಯೂ ತೊಡಕು ತಪ್ಪದು: ವಿಂಡೋಸ್ ಡೊಮೇನ್‌ಗೆ ಸೇರಿದ ಯಂತ್ರದ ಗುಪ್ತಪದ ರೂಢಿಯಲ್ಲಿ 30 ದಿನಗಳಿಗೊಮ್ಮೆ ತಾನಾಗಿಯೇ ಬದಲಾಗುವುದರಿಂದ, ಹಳೆಯ ಸ್ಥಿತಿಯ ಯಂತ್ರವನ್ನು ಡೊಮೇನ್ ಗುರುತಿಸದಿರಬಹುದು. ಗಡಿಯಾರವೂ ಹಿಂದಿನ ದಿನಾಂಕವನ್ನೇ ತೋರಿಸಬಹುದು.

ದೋಷ ಶೋಧನೆಯ ಕ್ರಮ

1. ಏನನ್ನೂ ಅಳಿಸಬಾರದು. ‘ಎಲ್ಲ ಸ್ನ್ಯಾಪ್‌ಶಾಟ್ ಅಳಿಸಿ’ ಎಂಬ ಆಜ್ಞೆ ಕೊಟ್ಟರೆ ಬದಲಾವಣೆಗಳೆಲ್ಲ ಮೂಲದಲ್ಲಿ ಲೀನವಾಗಿ, ಹಿಂದಿರುಗುವ ಬಾಗಿಲು ಶಾಶ್ವತವಾಗಿ ಮುಚ್ಚುತ್ತದೆ.

2. ಯಂತ್ರವನ್ನು ಕ್ರಮವಾಗಿ ಮುಚ್ಚಿ, ಅದರ ಕಡತಗಳೆಲ್ಲವನ್ನೂ ಬೇರೊಂದು ಡಿಸ್ಕಿಗೆ ಪ್ರತಿ ಮಾಡಬೇಕು. ಮುಂದಿನ ಪ್ರಯೋಗಗಳೆಲ್ಲ ಪ್ರತಿಯ ಮೇಲೆಯೇ ನಡೆಯಬೇಕು.

3. ಲಾಗ್ ಕಡತವನ್ನು ಓದಬೇಕು. ಪರದೆಯ ಸಂದೇಶ ಒಂದೇ ಸಾಲಿನದಾದರೂ, ಮೊದಲು ಎಡವಿದ ಹೆಜ್ಜೆ ಯಾವುದೆಂಬುದು ಲಾಗಿನಲ್ಲಿ ಸಮಯಸಹಿತ ದಾಖಲಾಗಿರುತ್ತದೆ.

4. ಸ್ಥಳ, ಕಡತಗಳ ಸರಪಳಿ, ಪ್ರೊಸೆಸರ್ ಹಾಗೂ ತಂತ್ರಾಂಶದ ಆವೃತ್ತಿ ಇವುಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು. ಏಕಕಾಲಕ್ಕೆ ಎರಡು ಬದಲಾವಣೆ ಮಾಡಿದರೆ ಕಾರಣ ಯಾವುದೆಂದು ತಿಳಿಯುವುದಿಲ್ಲ.

5. ಪರೀಕ್ಷೆಗಾಗಿ ನಡೆಸುವ ಪ್ರತಿಗೆ ಜಾಲಸಂಪರ್ಕ ಕೊಡಬಾರದು. ಒಂದೇ ಹೆಸರಿನ ಎರಡು ಯಂತ್ರಗಳು ಪರಸ್ಪರ ತೊಡಕಾಗುತ್ತವೆ.

ಉದಾಹರಣೆಯ ಸಂಸ್ಥೆಯು ಹಳೆಯ ಸರ್ವರನ್ನು ಇನ್ನೂ ಮಾರಿರದಿದ್ದರೆ ಪರಿಹಾರ ಸುಲಭ. ಪ್ರತಿಯನ್ನು ಅದರ ಮೇಲೆ ಇರಿಸಿ, ಅಲ್ಲಿಯೇ ಹಳೆಯ ಸ್ಥಿತಿಗೆ ಮರಳಿಸಿ, ಯಂತ್ರವನ್ನು ಕ್ರಮವಾಗಿ ಮುಚ್ಚಿದ ಬಳಿಕ ಹೊಸ ಸರ್ವರಿಗೆ ತರಬಹುದು. ಹಳೆಯದು ಕೈತಪ್ಪಿದ್ದರೆ ಉಳಿಸಿದ ಮೆಮೊರಿಯನ್ನು ಕೈಬಿಟ್ಟು ಡಿಸ್ಕಿನ ಭಾಗದಿಂದಷ್ಟೇ ಆರಂಭಿಸಬೇಕಾಗುತ್ತದೆ. ಇದು ವಿದ್ಯುತ್ ಹಠಾತ್ತನೆ ಹೋದಂತೆಯೇ ಸರಿ. ಆದುದರಿಂದ ದತ್ತಾಂಶದ ಪರಿಶೀಲನೆ ಅನಿವಾರ್ಯ.

ಲೆಕ್ಕದ ದೃಷ್ಟಿ, ಕಾನೂನಿನ ದೃಷ್ಟಿ

ಮರುಸ್ಥಾಪನೆ ಯಶಸ್ವಿಯಾದರೂ ಹತ್ತು ದಿನಗಳ ವೋಚರುಗಳು ಇಲ್ಲವಾಗುತ್ತವೆ. ಆದುದರಿಂದ ಮರಳುವುದು ನಿಜಕ್ಕೂ ಅಗತ್ಯವೇ, ದೋಷವನ್ನು ಈಗಿನ ಸ್ಥಿತಿಯಲ್ಲೇ ಸರಿಪಡಿಸಲು ಸಾಧ್ಯವೇ ಎಂಬುದನ್ನು ಮೊದಲು ನಿರ್ಧರಿಸಬೇಕು. ಮರಳಿದ್ದೇ ಆದರೆ, ಹಿಂದಿನ ಇನ್‌ವಾಯ್ಸ್ ಸಂಖ್ಯೆಗಳು ತಂತ್ರಾಂಶದಲ್ಲಿ ಮತ್ತೆ ಹುಟ್ಟುತ್ತವೆ. ಇ-ಇನ್‌ವಾಯ್ಸಿನ ಐಆರ್‌ಎನ್ ಎಂಬುದು ಮಾರಾಟಗಾರರ ಜಿಎಸ್‌ಟಿ ಸಂಖ್ಯೆ, ಆರ್ಥಿಕ ವರ್ಷ, ದಸ್ತಾವೇಜಿನ ಬಗೆ ಹಾಗೂ ಸಂಖ್ಯೆಗಳಿಂದ ರೂಪುಗೊಳ್ಳುವುದರಿಂದ, ಒಮ್ಮೆ ಬಳಸಿದ ಸಂಖ್ಯೆಯನ್ನು ಪೋರ್ಟಲ್ ತಿರಸ್ಕರಿಸುತ್ತದೆ. ಹತ್ತು ದಿನಗಳ ಇನ್‌ವಾಯ್ಸುಗಳನ್ನು ಪೋರ್ಟಲಿನ ವಿವರದೊಡನೆ ತಾಳೆ ನೋಡಿ, ಅವೇ ಸಂಖ್ಯೆ, ಅವೇ ದಿನಾಂಕಗಳಲ್ಲಿ ಮರುದಾಖಲಿಸಿದ ಬಳಿಕವೇ ಹೊಸ ಮಾರಾಟ ಆರಂಭವಾಗಬೇಕು. ಬ್ಯಾಂಕಿನ ಲೆಕ್ಕವಿವರದೊಡನೆಯೂ ಹೀಗೆಯೇ ತಾಳೆ ಆಗಬೇಕು.

ಕಂಪನಿಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. 2023ರ ಏಪ್ರಿಲ್ 1ರಿಂದ ಅವು ಬಳಸುವ ಲೆಕ್ಕಪತ್ರ ತಂತ್ರಾಂಶದಲ್ಲಿ ಪ್ರತಿ ವ್ಯವಹಾರದ ತಿದ್ದುಪಡಿ ದಾಖಲೆ, ಅಂದರೆ ಆಡಿಟ್ ಟ್ರೇಲ್, ಕಡ್ಡಾಯವಾಗಿದೆ. ಹಿಂದಿರುಗಿದಾಗ ಆ ಹತ್ತು ದಿನಗಳ ತಿದ್ದುಪಡಿ ದಾಖಲೆಯೂ ಅಳಿಯುವುದರಿಂದ, ಮರಳುವ ಮುನ್ನಿನ ಸ್ಥಿತಿಯ ಪ್ರತಿಯನ್ನು ಲೆಕ್ಕಪರಿಶೋಧಕರಿಗಾಗಿ ಕಾದಿರಿಸುವುದು ಕ್ಷೇಮ. ಕಂಪನಿಗಳ ಲೆಕ್ಕಪತ್ರ ನಿಯಮಗಳಿಗೆ 2022ರಲ್ಲಿ ಆದ ತಿದ್ದುಪಡಿಯಂತೆ, ವಿದ್ಯುನ್ಮಾನ ಲೆಕ್ಕಪುಸ್ತಕಗಳ ಬ್ಯಾಕಪ್ಪನ್ನು ಪ್ರತಿದಿನವೂ ಭಾರತದೊಳಗಿನ ಸರ್ವರಿನಲ್ಲಿ ಇರಿಸಬೇಕು. ಜಿಎಸ್‌ಟಿ ಕಾಯಿದೆಯ 36ನೆಯ ಕಲಮಿನ ಪ್ರಕಾರ, ವಾರ್ಷಿಕ ರಿಟರ್ನ್ ಸಲ್ಲಿಸುವ ಕಡೆಯ ದಿನಾಂಕದಿಂದ 72 ತಿಂಗಳವರೆಗೆ ದಾಖಲೆಗಳನ್ನು ಕಾಪಾಡಬೇಕು. 57ನೆಯ ನಿಯಮವು ಬ್ಯಾಕಪ್ ಇದ್ದರೆ ಸಾಲದೆಂದೂ, ದಾಖಲೆ ನಾಶವಾದಾಗ ಸೂಕ್ತ ಅವಧಿಯೊಳಗೆ ಮರಳಿ ಪಡೆಯುವಂತಿರಬೇಕೆಂದೂ ವಿಧಿಸುತ್ತದೆ.

ಈ ಕೊನೆಯ ಮಾತಿನಲ್ಲಿಯೇ ವಿಷಯದ ಸಾರವಿದೆ. ಮರಳಿಸಿ ನೋಡದ ಪ್ರತಿಯು ವಸೂಲಾಗದ ಹುಂಡಿಯಂತೆ, ಪುಸ್ತಕದಲ್ಲಷ್ಟೇ ಆಸ್ತಿ. ಪ್ರತಿದಿನ ತಂತ್ರಾಂಶದ ಬ್ಯಾಕಪ್ಪನ್ನು ಬೇರೆಡೆ ಇರಿಸುವುದು, ಆವೃತ್ತಿ ಬದಲಾವಣೆಗೆ ಮುನ್ನ ಯಂತ್ರವನ್ನು ಮುಚ್ಚಿಯೇ ಸ್ನ್ಯಾಪ್‌ಶಾಟ್ ತೆಗೆಯುವುದು, ಮೂರು ದಿನಗಳೊಳಗೆ ಅದನ್ನು ಇತ್ಯರ್ಥಗೊಳಿಸುವುದು, ಮೂರು ತಿಂಗಳಿಗೊಮ್ಮೆ ಬ್ಯಾಕಪ್ಪನ್ನು ಬೇರೊಂದು ಗಣಕದಲ್ಲಿ ಮರಳಿಸಿ ತಾಳೆಪಟ್ಟಿಯನ್ನು ಮೂಲದೊಡನೆ ಹೋಲಿಸುವುದು – ಇಷ್ಟನ್ನು ರೂಢಿಸಿಕೊಂಡರೆ ಉದಾಹರಣೆಯ ಸಂಸ್ಥೆಗೆ ಬಂದ ಸಂಕಟ ವರ್ತಕರಿಗೆ ಬಾರದು.