ವಿಮಾನದ ರಿಪೇರಿ ಕಲಿಸುವ ಒಂದು ಹೈಸ್ಕೂಲು

ಹೊಲದಲ್ಲಿ ಕೆಲಸ ಮಾಡುವಾಗ ತಲೆಯ ಮೇಲೆ ವಿಮಾನ ಹಾರಿದರೆ ನಾವೂ ಒಂದು ಗಳಿಗೆ ಕತ್ತೆತ್ತಿ ನೋಡುತ್ತೇವೆ, ಮಕ್ಕಳೂ ನೋಡುತ್ತಾರೆ. ಅದನ್ನು ನಡೆಸುವವನು ಪೈಲಟ್ ಎಂಬುದು ಎಲ್ಲರಿಗೂ ಗೊತ್ತು. ಆದರೆ ಆ ವಿಮಾನ ನೆಲ ಬಿಡುವ ಮೊದಲು ಅದರ ಎಂಜಿನ್ ಬಿಚ್ಚಿ ನೋಡಿದವರು ಯಾರು, ಚಕ್ರ ಬದಲಾಯಿಸಿದವರು ಯಾರು, ‘ಇದು ಹಾರಲು ಯೋಗ್ಯವಾಗಿದೆ’ ಎಂದು ಬರೆದು ರುಜು ಹಾಕಿದವರು ಯಾರು ಎಂದು ನಾವು ಕೇಳುವುದಿಲ್ಲ. ಆ ಕೆಲಸವನ್ನು ಹೈಸ್ಕೂಲಿನಲ್ಲಿಯೇ ಕಲಿಸುವ ಒಂದು ಶಾಲೆ ಅಮೆರಿಕಾ ದೇಶದಲ್ಲಿದೆ. ಅದರ ವಿಷಯವನ್ನು ರೈತ ಬಾಂಧವರಿಗೆ ತಿಳಿಸಲು ಈ ಲೇಖನ.

ನ್ಯೂಯಾರ್ಕ್ ನಗರದ ಕ್ವೀನ್ಸ್ ಎಂಬ ಭಾಗದಲ್ಲಿ ಏವಿಯೇಷನ್ ಹೈಸ್ಕೂಲ್ ಎಂಬ ಶಾಲೆ ಉಂಟು. ಅದು ಶ್ರೀಮಂತರ ಶಾಲೆಯಲ್ಲ. ನಗರದ ಶಿಕ್ಷಣ ಇಲಾಖೆ ನಡೆಸುವ ಸಾರ್ವಜನಿಕ ಶಾಲೆ, ಬೋಧನಾ ಶುಲ್ಕವಿಲ್ಲ. ವಿಮಾನದ ಕಸುಬನ್ನು ಕಲಿಸುವ ಈ ಶಾಲೆ 1930ರ ದಶಕದಲ್ಲಿ ಮ್ಯಾನ್‌ಹಟನ್ ಭಾಗದಲ್ಲಿ ಆರಂಭವಾಯಿತು. 1950ರ ದಶಕದ ಕೊನೆಯಲ್ಲಿ ಈಗಿರುವ ಕಟ್ಟಡಕ್ಕೆ ಬಂತು. ಸುಮಾರು ಎರಡು ಸಾವಿರ ಹುಡುಗರೂ ಹುಡುಗಿಯರೂ ಅಲ್ಲಿ ಓದುತ್ತಾರೆ. ಕ್ವೀನ್ಸ್ ಭಾಗದಲ್ಲಿ ನಾನಾ ದೇಶಗಳಿಂದ ವಲಸೆ ಬಂದ ಸಂಸಾರಗಳು ಬಹಳ. ನ್ಯೂಯಾರ್ಕಿನ ಎರಡು ದೊಡ್ಡ ವಿಮಾನ ನಿಲ್ದಾಣಗಳಾದ ಲಾಗಾರ್ಡಿಯಾ ಮತ್ತು ಕೆನೆಡಿ ನಿಲ್ದಾಣಗಳು ಇರುವುದೂ ಅಲ್ಲಿಯೇ. ಸಕ್ಕರೆ ಕಾರ್ಖಾನೆಯ ಹತ್ತಿರ ಕಬ್ಬು ಬೆಳೆದ ಹಾಗೆ, ಕೆಲಸವಿರುವ ಕಡೆಯಲ್ಲಿ ಕೆಲಸ ಕಲಿಸುವ ಶಾಲೆ.

ನಮ್ಮ ಲೆಕ್ಕದಲ್ಲಿ ಎಂಟನೆಯ ತರಗತಿ ಮುಗಿಸಿದ ಮಕ್ಕಳು ಇಲ್ಲಿಗೆ ಅರ್ಜಿ ಹಾಕುತ್ತಾರೆ. ಇಂಗ್ಲಿಷ್, ಗಣಿತ, ವಿಜ್ಞಾನ, ಚರಿತ್ರೆ ಇವು ಎಲ್ಲ ಹೈಸ್ಕೂಲುಗಳಲ್ಲಿ ಇರುವಂತೆ ಇಲ್ಲಿಯೂ ಉಂಟು. ದಿನದ ಒಂದು ದೊಡ್ಡ ಪಾಲು ಮಾತ್ರ ಕಮ್ಮಟದಲ್ಲಿ, ಎಂದರೆ ವರ್ಕ್‌ಷಾಪಿನಲ್ಲಿ ಕಳೆಯುತ್ತದೆ. ಶಾಲೆಗೆ ತನ್ನದೇ ಆದ ಹ್ಯಾಂಗರ್ ಇದೆ. ಹ್ಯಾಂಗರ್ ಎಂದರೆ ವಿಮಾನಗಳನ್ನು ನಿಲ್ಲಿಸುವ ದೊಡ್ಡ ಕೊಟ್ಟಿಗೆ. ಅದರಲ್ಲಿ ನಿಂತಿರುವುದು ಆಟದ ಸಾಮಾನಲ್ಲ, ನಿಜವಾದ ವಿಮಾನಗಳು. ಮಕ್ಕಳು ಅವುಗಳ ಭಾಗಗಳನ್ನು ಬಿಚ್ಚಬೇಕು, ಪರೀಕ್ಷಿಸಬೇಕು, ಮತ್ತೆ ಜೋಡಿಸಬೇಕು.

ಏನೇನು ಕಲಿಯುತ್ತಾರೆಂಬುದನ್ನು ಸ್ವಲ್ಪ ವಿವರವಾಗಿ ಹೇಳಿದರೆ ನಮ್ಮವರಿಗೆ ಹಿಡಿಸೀತು. ವಿಮಾನದ ಮೈ ಬಹುಮಟ್ಟಿಗೆ ತೆಳುವಾದ ಅಲ್ಯೂಮಿನಿಯಂ ತಗಡು. ತಗಡಿಗೆ ತಗಡನ್ನು ಕೂಡಿಸುವುದು ರಿವಿಟ್ಟಿನಿಂದ. ರಂಧ್ರ ಕೊರೆದು, ರಿವಿಟ್ಟನ್ನು ತೂರಿಸಿ, ಒಬ್ಬನು ಒಂದು ಕಡೆಯಿಂದ ಯಂತ್ರದ ಸುತ್ತಿಗೆಯಲ್ಲಿ ಹೊಡೆಯುತ್ತಾನೆ. ಇನ್ನೊಬ್ಬನು ಹಿಂದಿನಿಂದ ಉಕ್ಕಿನ ತುಂಡನ್ನು ಒತ್ತಿ ಹಿಡಿದಿರುತ್ತಾನೆ. ಕುಲುಮೆಯಲ್ಲಿ ಒಬ್ಬ ಇಕ್ಕಳ ಹಿಡಿದು ಒಬ್ಬ ಸುತ್ತಿಗೆ ಎತ್ತುವಂತೆಯೇ. ಇಬ್ಬರ ಕೈಯೂ ಹೊಂದಿಕೊಳ್ಳದಿದ್ದರೆ ರಿವಿಟ್ಟು ಸೊಟ್ಟಗಾಗುತ್ತದೆ. ಸೊಟ್ಟಗಾದದ್ದನ್ನು ಕೊರೆದು ತೆಗೆದು ಹೊಸದನ್ನು ಹಾಕಬೇಕು.

ಇನ್ನೊಂದು ಪಾಠ ತಂತಿ ಕಟ್ಟುವುದು. ಎತ್ತಿನ ಗಾಡಿಯ ಅಚ್ಚಿಗೆ ಕಡಾಣಿ ಇಲ್ಲದಿದ್ದರೆ ಗಾಲಿ ಕಳಚಿಕೊಳ್ಳುತ್ತದೆ, ಸರಿಯಷ್ಟೆ. ವಿಮಾನದ ಎಂಜಿನ್ ಅದುರುವ ಅದುರಾಟಕ್ಕೆ ಎಷ್ಟು ಬಿಗಿದ ಬೋಲ್ಟಾದರೂ ಮೆಲ್ಲಗೆ ಸಡಿಲವಾದೀತು. ಆದುದರಿಂದ ಮುಖ್ಯವಾದ ಬೋಲ್ಟುಗಳ ತಲೆಯಲ್ಲಿ ಸಣ್ಣ ತೂತು ಇಟ್ಟಿರುತ್ತಾರೆ. ಅದರಲ್ಲಿ ತಂತಿ ಪೋಣಿಸಿ, ಹುರಿಗಟ್ಟಿ, ಪಕ್ಕದ ಬೋಲ್ಟಿಗೆ ಬಿಗಿಯುತ್ತಾರೆ. ಬೋಲ್ಟು ಸಡಿಲವಾಗಲು ಹೋದರೆ ತಂತಿ ಅದನ್ನು ಬಿಗಿಯ ಕಡೆಗೇ ಎಳೆಯುವ ಹಾಗೆ ಕಟ್ಟಬೇಕು. ತಿರುವುಮುರುವಾಗಿ ಕಟ್ಟಿದರೆ ತಂತಿ ಇದ್ದೂ ಪ್ರಯೋಜನವಿಲ್ಲ. ನೋಡಲು ಇಷ್ಟೇ; ಆದರೆ ಹುಡುಗರು ಇದನ್ನು ಮತ್ತೆ ಮತ್ತೆ ಕಟ್ಟಿ ಬಿಚ್ಚಿ ಕಲಿಯುತ್ತಾರೆ.

ಎಷ್ಟು ಬಿಗಿಯಬೇಕೆಂಬುದಕ್ಕೂ ಲೆಕ್ಕವಿದೆ. ನಾವು ಪಂಪ್‌ಸೆಟ್ಟಿನ ನಟ್ಟಿಗೆ ಕೈಗೆ ಸಿಕ್ಕ ಸ್ಪ್ಯಾನರ್ ಹಾಕಿ, ಮೈಯಲ್ಲಿ ಶಕ್ತಿ ಇದ್ದಷ್ಟು ತಿರುಗಿಸಿ ಬಿಡುತ್ತೇವೆ. ವಿಮಾನದಲ್ಲಿ ಹಾಗಿಲ್ಲ. ಬಿಗಿ ಕಡಿಮೆಯಾದರೆ ಬೋಲ್ಟು ಸಡಿಲ, ಹೆಚ್ಚಾದರೆ ಅದು ಎಳೆದು ಬಲ ಕಳೆದುಕೊಳ್ಳುತ್ತದೆ. ಬಿಗಿಯನ್ನು ಅಳೆದು ತೋರಿಸುವ ಸ್ಪ್ಯಾನರ್ ಇದೆ. ತಯಾರಿಸಿದವರ ಪುಸ್ತಕದಲ್ಲಿ ಬರೆದಷ್ಟೇ ಬಿಗಿಯಬೇಕು. ಹತ್ಯಾರುಗಳ ಎಣಿಕೆಯೂ ಹೀಗೆಯೇ. ಕೆಲಸ ಮುಗಿದ ಮೇಲೆ ಒಂದೊಂದು ಹತ್ಯಾರೂ ತನ್ನ ಜಾಗಕ್ಕೆ ಬಂದಿರಬೇಕು. ಒಂದು ಸ್ಕ್ರೂಡ್ರೈವರ್ ಕಾಣದಿದ್ದರೆ ಅದು ಸಿಗುವ ತನಕ ವಿಮಾನವನ್ನು ಬಿಡುವಂತಿಲ್ಲ. ಅದು ಎಂಜಿನ್ ಒಳಗೆ ಉಳಿದಿದ್ದರೆ ಏನಾದೀತೆಂದು ಹೇಳಬೇಕಾಗಿಲ್ಲ.

ಇಷ್ಟೊಂದು ಕಟ್ಟುಪಾಡು ಏತಕ್ಕೆಂದು ಕೇಳುವವರಿಗೆ ನಡೆದ ಒಂದು ಸಂಗತಿ ಹೇಳುತ್ತೇನೆ. 1990ನೇ ಇಸವಿ ಜೂನ್ 10ರಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಿಂದ ಒಂದು ಪ್ರಯಾಣಿಕ ವಿಮಾನ ಹೊರಟಿತು. ಸುಮಾರು 17,000 ಅಡಿ ಎತ್ತರ ಏರಿದಾಗ ಪೈಲಟ್ಟಿನ ಮುಂದಿನ ಗಾಜು ಚೌಕಟ್ಟಿನಿಂದ ಕಿತ್ತು ಹಾರಿಹೋಯಿತು. ಗಾಳಿಯ ಸೆಳೆತಕ್ಕೆ ಕ್ಯಾಪ್ಟನ್ ಅರ್ಧ ಮೈ ಹೊರಗೆ ಹೋಗಿ ಸಿಕ್ಕಿಕೊಂಡರು. ಒಳಗಿದ್ದ ಸಿಬ್ಬಂದಿ ಅವರ ಕಾಲುಗಳನ್ನು ಹಿಡಿದುಕೊಂಡೇ ಇದ್ದರು; ಸಹ ಪೈಲಟ್ ಸೌತಾಂಪ್ಟನ್ನಿನಲ್ಲಿ ವಿಮಾನವನ್ನು ಇಳಿಸಿದರು. ದೈವಕೃಪೆಯಿಂದ ಕ್ಯಾಪ್ಟನ್ ಸೇರಿ ಎಲ್ಲರೂ ಬದುಕಿದರು. ತನಿಖೆ ನಡೆಸಿದಾಗ ತಿಳಿದದ್ದೇನು? ಹಾರಾಟಕ್ಕೆ ಸ್ವಲ್ಪ ಮುಂಚೆ ಆ ಗಾಜನ್ನು ರಾತ್ರಿ ಪಾಳಿಯಲ್ಲಿ ಬದಲಾಯಿಸಿದ್ದರು. ಹಾಕಿದ 90 ಬೋಲ್ಟುಗಳಲ್ಲಿ 84 ಬೋಲ್ಟುಗಳು ಬೇಕಾದುದಕ್ಕಿಂತ ತೆಳ್ಳಗಿದ್ದವು. ಎಷ್ಟು ತೆಳ್ಳಗೆ? ಒಂದು ಮಿಲಿಮೀಟರಿಗೂ ಕಡಿಮೆ. ಪುಸ್ತಕದಲ್ಲಿ ನಂಬರು ನೋಡುವ ಬದಲು, ಬಿಚ್ಚಿದ ಹಳೆಯ ಬೋಲ್ಟಿನ ಪಕ್ಕದಲ್ಲಿ ಹೊಸದನ್ನು ಹಿಡಿದು ಕಣ್ಣಂದಾಜಿನಲ್ಲಿ ಆರಿಸಿಕೊಂಡಿದ್ದರು. ಕೆಲಸ ಮಾಡಿದವರು ಅನನುಭವಿಗಳೇನೂ ಅಲ್ಲ. ಅಂದಾಜು ಎಂಬುದು ಅನುಭವಿಗಳಿಗೇ ಹೆಚ್ಚು ಅಭ್ಯಾಸ. ಗೊಬ್ಬರ, ಕೀಟನಾಶಕ ಅಳೆಯುವಾಗ ನಮ್ಮಲ್ಲೂ ಹಾಗೆಯೇ ಅಲ್ಲವೇ?

ಹೀಗಿರುವುದರಿಂದ ವಿಮಾನದ ಕೆಲಸವನ್ನು ಕಂಡಕಂಡವರು ಮಾಡುವಂತಿಲ್ಲ. ಅಮೆರಿಕಾದಲ್ಲಿ ಸರ್ಕಾರದ ವಿಮಾನಯಾನ ಆಡಳಿತ ಇಲಾಖೆ ಮೆಕ್ಯಾನಿಕ್ಕರಿಗೆ ಸರ್ಟಿಫಿಕೇಟ್ ಕೊಡುತ್ತದೆ. ಇದರಲ್ಲಿ ಎರಡು ಭಾಗ: ಒಂದು ವಿಮಾನದ ಒಡಲಿಗೆ, ಇನ್ನೊಂದು ಎಂಜಿನ್ನಿಗೆ. ಬರವಣಿಗೆಯ ಪರೀಕ್ಷೆ, ಬಾಯಿ ಪರೀಕ್ಷೆ, ಕೈಕೆಲಸದ ಪರೀಕ್ಷೆ ಮೂರರಲ್ಲಿಯೂ ತೇರ್ಗಡೆಯಾಗಬೇಕು. ಹದಿನೆಂಟು ವರ್ಷ ತುಂಬಿರಬೇಕು. ಇಲಾಖೆಯ ಮಾನ್ಯತೆ ಪಡೆದ ಶಾಲೆಗಳಲ್ಲಿ ಎರಡೂ ಭಾಗಗಳಿಗೆ ಸೇರಿ 1,900 ಗಂಟೆಗಳ ಕಲಿಕೆ ಬೇಕೆಂಬ ನಿಯಮ ಬಹುಕಾಲ ಇತ್ತು. 2022ರಲ್ಲಿ ನಿಯಮ ಬದಲಾಗಿ, ಗಂಟೆಗಳ ಲೆಕ್ಕಕ್ಕಿಂತ ಕೆಲಸ ಬರುತ್ತದೆಯೋ ಇಲ್ಲವೋ ಎಂಬುದಕ್ಕೆ ಹೆಚ್ಚು ಬೆಲೆ ಬಂದಿದೆ. ಏವಿಯೇಷನ್ ಹೈಸ್ಕೂಲಿಗೆ ಈ ಇಲಾಖೆಯ ಮಾನ್ಯತೆ ಇದೆ. ಸಾಮಾನ್ಯವಾಗಿ ನಾಲ್ಕು ವರ್ಷದಲ್ಲಿ ಒಂದು ಭಾಗಕ್ಕೆ ಸಿದ್ಧರಾಗುತ್ತಾರೆ. ಇನ್ನೂ ಒಂದು ವರ್ಷ ಉಳಿದರೆ ಎರಡಕ್ಕೂ. ಕೆನೆಡಿ ವಿಮಾನ ನಿಲ್ದಾಣದಲ್ಲಿಯೇ ಶಾಲೆಯ ಒಂದು ಶಾಖೆ ಉಂಟು.

ಸರ್ಟಿಫಿಕೇಟ್ ಸಿಕ್ಕ ಮೇಲೆ ಜವಾಬ್ದಾರಿ ಶುರು. ತಾನು ಮಾಡಿದ ಕೆಲಸವೇನು, ಯಾವ ದಿನ ಮಾಡಿದ್ದು ಎಂದು ವಿಮಾನದ ದಾಖಲೆ ಪುಸ್ತಕದಲ್ಲಿ ಬರೆದು, ರುಜು ಹಾಕಿ, ಸರ್ಟಿಫಿಕೇಟಿನ ನಂಬರನ್ನೂ ನಮೂದಿಸಬೇಕು. ಆ ರುಜುವಿನ ಮೇಲೆ ನೂರಾರು ಜನ ವಿಮಾನ ಹತ್ತುತ್ತಾರೆ.

ಹದಿನಾಲ್ಕು ವರ್ಷದ ಮಗುವಿಗೆ ಮುಂದಿನ ಕಸುಬನ್ನು ಆರಿಸಿಕೊಳ್ಳುವ ತಿಳಿವಳಿಕೆ ಎಲ್ಲಿಂದ ಬರಬೇಕು ಎಂಬ ಆಕ್ಷೇಪಣೆ ಬರುವುದು ಸಹಜ. ಅದರಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಆ ಶಾಲೆಯಲ್ಲಿ ಕಸುಬಿನ ಜೊತೆಗೆ ಹೈಸ್ಕೂಲಿನ ಪೂರ್ಣ ಡಿಪ್ಲೊಮವೂ ಸಿಗುತ್ತದೆ. ಮನಸ್ಸು ಬದಲಾದವರು ಬೇರೆ ಕಾಲೇಜಿಗೆ ಹೋಗಬಹುದು. ಕೈಕೆಲಸ ಕಲಿತದ್ದಕ್ಕೆ ಓದಿನ ಬಾಗಿಲು ಮುಚ್ಚುವುದಿಲ್ಲ. ನನಗೆ ಬಹಳ ಮೆಚ್ಚಿಕೆಯಾದದ್ದು ಇದೇ. ಓದು ಹತ್ತದವನು ಕಸುಬಿಗೆ, ಹತ್ತಿದವನು ಆಫೀಸಿಗೆ ಎಂದು ನಾವು ಗೆರೆ ಎಳೆದುಬಿಡುತ್ತೇವೆ. ವಿಮಾನದ ಮೆಕ್ಯಾನಿಕ್ಕನಿಗೆ ಎರಡೂ ಬೇಕು. 1903ರಲ್ಲಿ ರೈಟ್ ಸಹೋದರರು ಮೊದಲ ಸಲ ಹಾರಿದ ವಿಮಾನದ ಎಂಜಿನನ್ನು ತಯಾರಿಸಿದವನು ಅವರ ಸೈಕಲ್ ಅಂಗಡಿಯ ಮೆಕ್ಯಾನಿಕ್ ಚಾರ್ಲ್ಸ್ ಟೇಲರ್. ಅವನ ಹೆಸರು ಎಷ್ಟು ಜನಕ್ಕೆ ಗೊತ್ತು?

ನಮ್ಮ ಕಡೆಯ ಮಾತಿಗೆ ಬರೋಣ. ವಿಮಾನದ ಕೆಲಸ ಕರ್ನಾಟಕಕ್ಕೆ ಹೊಸದಲ್ಲ. 1940ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಆರಂಭಿಸಿದರು. ಅದೇ ಇಂದಿನ ಎಚ್.ಎ.ಎಲ್. ಅಲ್ಲಿ ರೂಪಿಸಿ ಕಟ್ಟಿದ ಎಚ್.ಟಿ.-2 ಎಂಬ ತರಬೇತಿ ವಿಮಾನ 1951ರಲ್ಲಿ ಹಾರಿತು. ತುಮಕೂರು ಜಿಲ್ಲೆಯ ಹೆಲಿಕಾಪ್ಟರ್ ಕಾರ್ಖಾನೆ 2023ರಲ್ಲಿ ಉದ್ಘಾಟನೆಯಾಯಿತು. ನ್ಯೂಯಾರ್ಕಿನಂಥ ಹೈಸ್ಕೂಲು ನಮ್ಮ ಹೋಬಳಿಯಲ್ಲಿಲ್ಲ, ನಿಜ. ಆದರೂ ದಾರಿಗಳಿವೆ. ಎಸ್.ಎಸ್.ಎಲ್.ಸಿ. ಆದ ಮೇಲೆ ಐ.ಟಿ.ಐ.ನಲ್ಲಿ ಫಿಟ್ಟರ್, ಟರ್ನರ್, ಮೆಷಿನಿಸ್ಟ್, ಎಲೆಕ್ಟ್ರಿಷಿಯನ್ ಕೆಲಸ ಕಲಿತವರನ್ನು ಎಚ್.ಎ.ಎಲ್. ಅಪ್ರೆಂಟಿಸ್ ಆಗಿ ತೆಗೆದುಕೊಳ್ಳುತ್ತದೆ. ವಿಮಾನಕ್ಕೆ ರುಜು ಹಾಕುವ ಲೈಸೆನ್ಸ್ ಬೇಕೆನ್ನುವವರು ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ತೆಗೆದುಕೊಂಡು, ಬಳಿಕ ವಿಮಾನ ನಿರ್ವಹಣೆಯ ಶಿಕ್ಷಣ ಪಡೆದು, ಕೇಂದ್ರ ಸರ್ಕಾರದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಪರೀಕ್ಷೆಗಳಲ್ಲಿ ತೇರ್ಗಡೆಯಾಗಬೇಕು. ಹತ್ತನೆಯ ತರಗತಿ ಮುಗಿದ ಕೂಡಲೆ ಗಣಿತ ಕಷ್ಟವೆಂದು ಬಿಟ್ಟ ಮಕ್ಕಳಿಗೆ ಈ ದಾರಿ ಬಹುಮಟ್ಟಿಗೆ ಮುಚ್ಚಿಹೋಗುತ್ತದೆ. ಇದನ್ನು ಜೂನ್ ತಿಂಗಳಲ್ಲಿ ಅಲ್ಲ, ಅದಕ್ಕೆ ಮೊದಲೇ ಮನೆಯಲ್ಲಿ ಕೂತು ಮಾತಾಡಬೇಕು.

ಒಂದು ಎಚ್ಚರಿಕೆ. ‘ಏರ್‌ಪೋರ್ಟಿನಲ್ಲಿ ಕೆಲಸ ಖಂಡಿತ’ ಎಂದು ಕರಪತ್ರ ಹಂಚಿ ಲಕ್ಷಗಟ್ಟಲೆ ಶುಲ್ಕ ಕೇಳುವವರಿದ್ದಾರೆ. ಸಾಮಾನು ಸಾಗಿಸುವ, ಟಿಕೆಟ್ ನೋಡುವ ಕೆಲಸದ ತರಬೇತಿಯನ್ನೇ ‘ಏವಿಯೇಷನ್ ಕೋರ್ಸ್’ ಎಂದು ಹೇಳಿ ಸೇರಿಸಿಕೊಳ್ಳುವುದುಂಟು. ಜಮೀನು ಅಡವಿಡುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಈ ಸಂಸ್ಥೆಗೆ ಮಹಾನಿರ್ದೇಶನಾಲಯದ ಅಂಗೀಕಾರ ಇದೆಯೇ? ಅಂಗೀಕೃತ ಸಂಸ್ಥೆಗಳ ಪಟ್ಟಿಯನ್ನು ಮಹಾನಿರ್ದೇಶನಾಲಯವೇ ಪ್ರಕಟಿಸುತ್ತದೆ. ಹೈಸ್ಕೂಲಿನ ಉಪಾಧ್ಯಾಯರ ಮೊಬೈಲಿನಲ್ಲಿ ಅದನ್ನು ನೋಡಬಹುದು. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಕರಪತ್ರವನ್ನು ಒಲೆಗೆ ಹಾಕುವುದು.

ಈ ವರ್ಷ ಹೈಸ್ಕೂಲಿನ ಮಕ್ಕಳನ್ನು ಪ್ರವಾಸಕ್ಕೆ ಬೆಂಗಳೂರಿಗೆ ಕರೆದೊಯ್ಯುವುದಾದರೆ ಲಾಲ್‌ಬಾಗಿನ ಜೊತೆಗೆ ಎಚ್.ಎ.ಎಲ್. ವಿಮಾನ ವಸ್ತುಸಂಗ್ರಹಾಲಯವನ್ನೂ ಸೇರಿಸಿಕೊಳ್ಳಬೇಕೆಂದು ಉಪಾಧ್ಯಾಯರಲ್ಲಿ ಅರಿಕೆ. ಹಳೆಯ ವಿಮಾನಗಳನ್ನೂ ಎಂಜಿನ್ನುಗಳನ್ನೂ ಅಲ್ಲಿ ಹತ್ತಿರದಿಂದ ನೋಡಬಹುದು. ರೆಕ್ಕೆಯ ಮೇಲೆ ಸಾಲು ಹಿಡಿದು ನಿಂತಿರುವ ರಿವಿಟ್ಟುಗಳನ್ನು ಮಕ್ಕಳು ಎಣಿಸಲು ಹೊರಟರೆ ಅವಸರಪಡಿಸದೆ ಎಣಿಸಗೊಡಿ. ಬಸ್ಸು ಅರ್ಧ ಗಂಟೆ ತಡವಾದರೂ ಚಿಂತೆಯಿಲ್ಲ.