ಕಾಲಯಂತ್ರದ ಎರಡನೆಯ ಪಯಣ

ಹಂಪೆಯ ವಿಠಲ ದೇವಾಲಯದ ಅಂಗಳದಲ್ಲಿರುವ ಕಲ್ಲಿನ ರಥವನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ನೋಡದವರೂ ಐವತ್ತು ರೂಪಾಯಿಯ ಹೊಸ ನೋಟಿನ ಹಿಂಬದಿಯಲ್ಲಿ ಅದರ ಚಿತ್ರವನ್ನು ಕಂಡೇ ಇರುವರು. ಈಗ ಆ ರಥಕ್ಕೆ ಶಿಖರವಿಲ್ಲ. ಆದರೆ 1856ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿಯು ಕಾಗದದ ನೆಗೆಟಿವುಗಳ ಮೇಲೆ ಹಂಪೆಯ ಛಾಯಾಚಿತ್ರಗಳನ್ನು ತೆಗೆದಾಗ, ರಥದ ಮೇಲೆ ಇಟ್ಟಿಗೆಯ ಶಿಖರವೊಂದು ನಿಂತಿತ್ತು. ಶಿಖರ ಹೋಯಿತು; ಚಿತ್ರ ಉಳಿಯಿತು. 1980ರ ದಶಕದಲ್ಲಿ ಜಾನ್ ಗಾಲಿಂಗ್ಸ್ ಎಂಬ ಆಸ್ಟ್ರೇಲಿಯದ ಛಾಯಾಗ್ರಾಹಕರು ಗ್ರೀನ್‌ಲಾ ನಿಂತ ಸ್ಥಳಗಳಲ್ಲಿಯೇ ನಿಂತು ಅವೇ ದೃಶ್ಯಗಳನ್ನು ಮತ್ತೊಮ್ಮೆ ಸೆರೆಹಿಡಿದರು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವಾಗ ನಾವು ಕುಳಿತಲ್ಲಿಯೇ ನೂರಿಪ್ಪತ್ತೈದು ವರ್ಷಗಳಿಗೂ ಹೆಚ್ಚು ಕಾಲವನ್ನು ದಾಟಿಬಿಡುತ್ತೇವೆ.

ಹಳೆಯದನ್ನು ಮತ್ತೆ ತೆಗೆಯುವಾಗ ಏನನ್ನು ಉಳಿಸಬೇಕು, ಏನನ್ನು ತಿದ್ದಬೇಕು? ಛಾಯಾಚಿತ್ರಕ್ಕೆ ಮಾತ್ರವಲ್ಲ, ಜನರು ಮೆಚ್ಚಿದ ವೈಜ್ಞಾನಿಕ ಕಥಾಚಿತ್ರಗಳಿಗೂ ಈ ಪ್ರಶ್ನೆ ಸಲ್ಲುತ್ತದೆ. ಹಂಪೆಯ ನೆಲಕ್ಕೆ ನೇರವಾಗಿ ಸಂಬಂಧಿಸಿದ ಒಂದು ಉದಾಹರಣೆಯನ್ನೇ ತೆಗೆದುಕೊಂಡು ವಿಚಾರಿಸೋಣ.

ಕೃಷ್ಣದೇವರಾಯನ ಕಾಲಕ್ಕೆ

1991ರಲ್ಲಿ ‘ಆದಿತ್ಯ 369’ ಎಂಬ ತೆಲುಗು ಚಿತ್ರವು ತೆರೆಕಂಡಿತು. ಅದರ ನಿರ್ದೇಶಕರಾದ ಸಿಂಗೀತಂ ಶ್ರೀನಿವಾಸರಾಯರು ಕನ್ನಡಿಗರಿಗೆ ಅಪರಿಚಿತರಲ್ಲ. ‘ಹಾಲು ಜೇನು’, ‘ಚಲಿಸುವ ಮೋಡಗಳು’, ‘ಪುಷ್ಪಕ ವಿಮಾನ’ ಇವೆಲ್ಲ ಅವರ ಕೃತಿಗಳೇ. ಪ್ರಾಧ್ಯಾಪಕನೊಬ್ಬನು ನಿರ್ಮಿಸಿದ ಕಾಲಯಂತ್ರವು ಕಥಾನಾಯಕನನ್ನು 1526ರ ವಿಜಯನಗರಕ್ಕೆ, ಅಂದರೆ ಕೃಷ್ಣದೇವರಾಯನ ಆಸ್ಥಾನಕ್ಕೆ ಕೊಂಡೊಯ್ಯುತ್ತದೆ; ಅಲ್ಲಿಂದ ಮುಂದೆ 2504ಕ್ಕೂ ಹಾರುತ್ತದೆ. ಎಚ್. ಜಿ. ವೆಲ್ಸ್ 1895ರಲ್ಲಿ ಪ್ರಕಟಿಸಿದ ಕಾಲಯಂತ್ರದ ಕಾದಂಬರಿಯೇ ಇಂತಹ ಕಥೆಗಳಿಗೆಲ್ಲ ಮೂಲಪುರುಷ. ಆದರೆ ಆ ಯಂತ್ರವನ್ನು ತುಂಗಭದ್ರೆಯ ದಡಕ್ಕೆ ತಂದದ್ದು ಈ ಚಿತ್ರದ ವಿಶೇಷ. 2025ರ ಏಪ್ರಿಲ್ ತಿಂಗಳಲ್ಲಿ ಅದು 4ಕೆ ರೂಪದಲ್ಲಿ ಮರಳಿ ಚಿತ್ರಮಂದಿರಗಳಿಗೆ ಬಂದಿತು. ಇದರ ಮುಂದಿನ ಕಥೆಯನ್ನು ತೆಗೆಯುವ ವಿಚಾರವನ್ನೂ ನಾಯಕನಟರಾದ ನಂದಮೂರಿ ಬಾಲಕೃಷ್ಣ ಅವರು ಪ್ರಕಟಿಸಿದ್ದಾರೆ.

ಮೂರು ದಾರಿಗಳು

ಹಳೆಯ ಚಿತ್ರಕ್ಕೆ ಮತ್ತೆ ಜೀವ ತುಂಬಲು ಮೂರು ದಾರಿಗಳುಂಟು. ಹಳೆಯ ಪ್ರತಿಯನ್ನೇ ಶುದ್ಧಗೊಳಿಸುವುದು ಒಂದು; ಕಥೆಯನ್ನು ನಿಂತಲ್ಲಿಂದ ಮುಂದುವರಿಸುವುದು ಎರಡನೆಯದು; ಮೊದಲಿನಿಂದ ಹೊಸದಾಗಿ ಹೇಳುವುದು ಮೂರನೆಯದು.

ಮೊದಲನೆಯದು ರಸಾಯನಶಾಸ್ತ್ರದ ಕೆಲಸ. ಚಿತ್ರಸುರುಳಿಯ ಮೇಲಿನ ವರ್ಣಗಳು ಕಾಲಕ್ರಮದಲ್ಲಿ ಮಾಸುತ್ತವೆ. ಸುರುಳಿಯು ಸೆಲ್ಯುಲೋಸ್ ಅಸಿಟೇಟಿನದಾಗಿದ್ದರೆ ಬಿಸಿಲು ನಾಡಿನ ಸೆಕೆಗೂ ತೇವಕ್ಕೂ ಸಿಕ್ಕಿ ಅಸಿಟಿಕ್ ಆಮ್ಲವನ್ನು ಬಿಡತೊಡಗುತ್ತದೆ. ಡಬ್ಬಿಯನ್ನು ತೆರೆದೊಡನೆ ಹುಳಿವಾಸನೆ ಮೂಗಿಗೆ ಬಡಿಯುತ್ತದೆ. ಹೊರಬಿದ್ದ ಆಮ್ಲವು ಕೊಳೆಯುವಿಕೆಯನ್ನು ಇನ್ನಷ್ಟು ಚುರುಕುಗೊಳಿಸುವುದರಿಂದ ವಿಳಂಬ ಮಾಡುವಂತಿಲ್ಲ. ಎರಡು ಗಂಟೆ ಇಪ್ಪತ್ತು ನಿಮಿಷಗಳ ಚಿತ್ರದಲ್ಲಿ, ಸೆಕೆಂಡಿಗೆ 24ರಂತೆ, 2,01,600 ಬಿಡಿಚಿತ್ರಗಳಿರುತ್ತವೆ. ಒಂದೊಂದನ್ನೂ ಸುಮಾರು 80 ಲಕ್ಷಕ್ಕೂ ಮೀರಿದ ಬಿಂದುಗಳಾಗಿ ಓದಿ, ಗೀರು ಕಲೆಗಳನ್ನು ಅಳಿಸಿ, ಬಣ್ಣವನ್ನು ಸರಿಪಡಿಸಬೇಕು.

ಮೂರನೆಯ ದಾರಿಯಲ್ಲಿ ಬೇರೊಂದು ತೊಡಕುಂಟು. ಹಳೆಯ ಕಥೆಯನ್ನು ಅಳಿಸಿದರೆ ಅಭಿಮಾನಿಗಳು ನೊಂದುಕೊಳ್ಳುತ್ತಾರೆ; ಅಳಿಸದಿದ್ದರೆ ಹೊಸಬರಿಗೆ ಎಡೆಯಿಲ್ಲ. ಅಮೆರಿಕದಲ್ಲಿ 1966ರಿಂದ ಹೆಸರಾಗಿದ್ದ ‘ಸ್ಟಾರ್ ಟ್ರೆಕ್’ ಕಥಾಮಾಲೆಯನ್ನು 2009ರಲ್ಲಿ ಹೊಸದಾಗಿ ಆರಂಭಿಸಿದವರು ಇದಕ್ಕೆ ಒಂದು ಉಪಾಯವನ್ನು ಹೂಡಿದರು. ಭವಿಷ್ಯದಿಂದ ಬಂದ ಶತ್ರುವು ಭೂತಕಾಲವನ್ನು ಕದಡಿದುದರಿಂದ ಕಾಲವೇ ಕವಲೊಡೆಯಿತೆಂದು ಕಲ್ಪಿಸಿದರು. ಹಳೆಯ ಕಥೆಗಳು ಒಂದು ಕವಲಿನಲ್ಲಿ ಭದ್ರವಾಗಿ ಉಳಿದವು. ಹೊಸ ಕಥೆ ಇನ್ನೊಂದರಲ್ಲಿ ಹರಿಯಿತು.

ಯಂತ್ರದ ಲೆಕ್ಕ

ಇಂತಹ ಯಂತ್ರ ಸಾಧ್ಯವೆ? ಮುಂದಕ್ಕೆ ಹೋಗುವುದನ್ನು ಭೌತಶಾಸ್ತ್ರವು ನಿಷೇಧಿಸಿಲ್ಲ. ಐನ್‌ಸ್ಟೈನರು 1905ರಲ್ಲಿ ಮಂಡಿಸಿದ ಸಾಪೇಕ್ಷ ಸಿದ್ಧಾಂತದಂತೆ ವೇಗವಾಗಿ ಚಲಿಸುವ ಗಡಿಯಾರವು ನಿಧಾನವಾಗಿ ನಡೆಯುತ್ತದೆ. 1971ರಲ್ಲಿ ಹೇಫಲೆ ಮತ್ತು ಕೀಟಿಂಗ್ ಎಂಬವರು ಸೀಸಿಯಂ ಗಡಿಯಾರಗಳನ್ನು ವಿಮಾನಗಳಲ್ಲಿ ಭೂಮಿಯ ಸುತ್ತ ಕೊಂಡೊಯ್ದು, ಗುರುತ್ವದ ಪರಿಣಾಮವನ್ನೂ ಸೇರಿಸಿ, ಇದನ್ನು ಪರೀಕ್ಷಿಸಿದರು. ನಮ್ಮ ಕೈಯಲ್ಲಿರುವ ಮೊಬೈಲಿಗೆ ದಾರಿ ತೋರಿಸುವ ಜಿಪಿಎಸ್ ಉಪಗ್ರಹಗಳ ಗಡಿಯಾರಗಳು, ವೇಗ ಮತ್ತು ಗುರುತ್ವಗಳ ಒಟ್ಟು ಪರಿಣಾಮದಿಂದ, ದಿನಕ್ಕೆ ಸುಮಾರು 38 ಮೈಕ್ರೊಸೆಕೆಂಡುಗಳಷ್ಟು ಮುಂದೋಡುತ್ತವೆ. ಅಷ್ಟರಲ್ಲಿ ಬೆಳಕು 11 ಕಿಲೋಮೀಟರು ಸಾಗುತ್ತದೆ. ಅದು ಹೆಚ್ಚುಕಡಮೆ ಹೊಸಪೇಟೆಯಿಂದ ಹಂಪೆಗೆ ಇರುವ ದೂರ. ಈ ವ್ಯತ್ಯಾಸವನ್ನು ತಿದ್ದಿಕೊಳ್ಳದಿದ್ದರೆ ನಮ್ಮ ದಾರಿ ಬೇಗನೆ ತಪ್ಪುವುದು.

1991ರಿಂದ 2504ಕ್ಕೆ 513 ವರ್ಷಗಳು. ಪ್ರಯಾಣಿಕನಿಗೆ ಅವು ಹತ್ತೇ ವರ್ಷಗಳಾಗಿ ಕಾಣಬೇಕಾದರೆ, ಅವನು ಬೆಳಕಿನ ವೇಗಕ್ಕಿಂತ ಸೆಕೆಂಡಿಗೆ ಕೇವಲ 57 ಕಿಲೋಮೀಟರು ಕಡಮೆ ವೇಗದಲ್ಲಿ ದೂರ ಹೋಗಿ ಮರಳಬೇಕು. ಬೆಳಕಿನ ವೇಗ ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರೆಂಬುದನ್ನು ನೆನೆದರೆ, ಅಂತಹ ಯಂತ್ರಕ್ಕೆ ಬೇಕಾಗುವ ಶಕ್ತಿ ಎಷ್ಟೆಂದು ಊಹಿಸಬಹುದು.

ಹಿಂದಕ್ಕೆ ಹೋಗುವುದು ಬೇರೆಯ ಮಾತು. ವಿಶ್ವವೆಲ್ಲ ಸುತ್ತುತ್ತಿದ್ದರೆ ಭೂತಕಾಲಕ್ಕೆ ಮರಳುವ ಹಾದಿ ಇರಬಹುದೆಂದು 1949ರಲ್ಲಿ ಗಣಿತಜ್ಞ ಗೋಡೆಲ್ ಸಮೀಕರಣಗಳಿಂದ ತೋರಿಸಿದರು. ನಮ್ಮ ವಿಶ್ವವಾದರೋ ಹಾಗೆ ಸುತ್ತುವ ಕುರುಹಿಲ್ಲ. ಹಿಂದೆ ಹೋದವನು ತನ್ನ ಅಜ್ಜನ ಮದುವೆಯನ್ನೇ ತಪ್ಪಿಸಿದರೆ ಅವನು ಹುಟ್ಟಿದ್ದು ಹೇಗೆ? ಹುಟ್ಟದಿದ್ದರೆ ಮದುವೆಯನ್ನು ತಪ್ಪಿಸಿದವರಾರು? ಪ್ರಕೃತಿಯೇ ಇಂತಹ ಪ್ರಯಾಣವನ್ನು ತಡೆಯುತ್ತದೆಂಬ ಊಹೆಯನ್ನು ಸ್ಟೀಫನ್ ಹಾಕಿಂಗ್ 1992ರಲ್ಲಿ ಮಂಡಿಸಿದರು. 2009ರಲ್ಲಿ ಅವರು ಕಾಲಪ್ರಯಾಣಿಕರಿಗಾಗಿ ಔತಣವೊಂದನ್ನು ಏರ್ಪಡಿಸಿ, ಅದು ಮುಗಿದ ಬಳಿಕ ಆಹ್ವಾನವನ್ನು ಪ್ರಕಟಿಸಿದರು. ಯಾರೂ ಬರಲಿಲ್ಲ.

ಯಂತ್ರ ಇಳಿಯುವ ಊರು

ಯಂತ್ರವನ್ನು ಕಟ್ಟಲಾಗದಿದ್ದರೂ ಕಥೆಯನ್ನು ಕಟ್ಟಬಹುದು. ಹೊಸ ಚಿತ್ರವನ್ನು ತೆಗೆಯುವವರು ಯಂತ್ರವನ್ನು ಹಂಪೆಯಲ್ಲಿ ಮತ್ತೆ ಇಳಿಸುವುದಾದರೆ, ಅದರ ಬಾಗಿಲು ತೆರೆದಾಗ ಕಾಣುವುದೇನು? ಇಂದಿನ ಬೂದುಬಣ್ಣದ ಬೋಳುಕಲ್ಲುಗಳಲ್ಲ. ಅರಮನೆಗಳಿದ್ದ ಎಡೆಯಲ್ಲಿ ಈಗ ಕಲ್ಲಿನ ಜಗತಿಗಳು ಮಾತ್ರ ಉಳಿದಿವೆ. ಅವುಗಳ ಮೇಲೆ ಮರದ ಕಂಬಗಳೂ ಮಾಡುಗಳೂ ಇದ್ದವು. ದೇಗುಲಗಳ ಮೇಲೆ ಗಾರೆಯ ಗೊಂಬೆಗಳಿದ್ದವು, ಬಣ್ಣವಿತ್ತು. ಮಹಾನವಮಿ ದಿಬ್ಬದ ಬಳಿಯ ಅಂದವಾದ ಮೆಟ್ಟಿಲು ಪುಷ್ಕರಣಿಯು 1980ರ ದಶಕದ ಉತ್ಖನನದಲ್ಲಿ ಮಣ್ಣಿನಡಿಯಿಂದ ಹೊರಬಂದಿತು. 1980ರಿಂದ ಜಾನ್ ಫ್ರಿಟ್ಸ್, ಜಾರ್ಜ್ ಮಿಷೆಲ್ ಮೊದಲಾದವರು ಗೋಡೆ, ಬಾಗಿಲು, ದಾರಿಗಳನ್ನು ಒಂದೊಂದಾಗಿ ಅಳೆದು ನಕ್ಷೆ ತಯಾರಿಸಿದರು. ಸುಮಾರು 1520ರಲ್ಲಿ ಬಂದ ಡೊಮಿಂಗೊ ಪಾಯೆಸ್ ಎಂಬ ಪೋರ್ಚುಗೀಸನ ಬರಹವೂ ನಮ್ಮ ಮುಂದಿದೆ. ಹೊಸ ಚಿತ್ರದವರಿಗೆ ಇಷ್ಟೊಂದು ಸಾಮಗ್ರಿ ಸಿದ್ಧವಾಗಿರುವಾಗ ಕಲ್ಪಿತ ಚಿನ್ನದ ಅರಮನೆಯೇ ಸಾಕೆನ್ನುವುದು ನಷ್ಟವೇ ಸರಿ.

ಯಂತ್ರವನ್ನು ಇನ್ನೂ ಇನ್ನೂರು ವರ್ಷ ಹಿಂದಕ್ಕೆ ತಿರುಗಿಸಿದರೆ ಕಂಪ್ಲಿಯ ಕಥೆ ದೊರೆಯುತ್ತದೆ. 1327ರ ಸುಮಾರಿನಲ್ಲಿ ಕಂಪಿಲದೇವನ ರಾಜ್ಯವು ದೆಹಲಿಯ ಸೇನೆಗೆ ಸೋತುಬಿದ್ದಿತು. ಹತ್ತು ವರ್ಷ ಕಳೆಯುವುದರೊಳಗೆ ಅದೇ ನೆರೆಯಲ್ಲಿ ವಿಜಯನಗರವು ತಲೆಯೆತ್ತಿತು. ಸಂಡೂರಿನ ಬೆಟ್ಟಗಳಿಗೆ ಹೋದರಂತೂ ಯಂತ್ರದ ಮುಳ್ಳೇ ಸಾಲದು. ಅಲ್ಲಿನ ಕಬ್ಬಿಣದ ಅದಿರನ್ನು ಒಳಗೊಂಡ ಶಿಲೆಗಳು ಸುಮಾರು 270 ಕೋಟಿ ವರ್ಷಗಳಷ್ಟು ಹಳೆಯವು. ಆ ಕಾಲವನ್ನು ಒಂದು ದಿನವೆಂದು ಎಣಿಸಿದರೆ, 1526ರಿಂದ ಇಂದಿನವರೆಗಿನ ಅವಧಿಯು ಒಂದು ಸೆಕೆಂಡಿನ ಅರವತ್ತರಲ್ಲೊಂದು ಪಾಲು ಮಾತ್ರ.

ಆದರೆ ಆ ಅತ್ಯಲ್ಪ ಅವಧಿಯಲ್ಲಿ ಎಷ್ಟೊಂದು ಕಳೆದುಹೋಗಬಹುದೆಂಬುದಕ್ಕೆ ರಥದ ಶಿಖರವೇ ಸಾಕ್ಷಿ. 1986ರಲ್ಲಿ ಹಂಪೆಯು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. 1999ರಲ್ಲಿ ಅದರ ಹೆಸರು ಅಪಾಯದಲ್ಲಿರುವ ತಾಣಗಳ ಸಾಲಿಗೂ ಸೇರಿ, 2006ರವರೆಗೆ ಅಲ್ಲಿಯೇ ಇತ್ತು. ಚಿತ್ರಸುರುಳಿಯ ಗೀರನ್ನು ಪ್ರಯೋಗಶಾಲೆಯಲ್ಲಿ ಅಳಿಸಬಹುದು; ಕಥೆ ಕೆಟ್ಟರೆ ಇನ್ನೊಮ್ಮೆ ಹೊಸದಾಗಿ ಹೇಳಬಹುದು. ಕಲ್ಲಿನ ಕಂಬದ ಮೇಲೆ ನಮ್ಮ ಹೆಸರನ್ನು ಕೆತ್ತಿದರೆ ಅದನ್ನು ಅಳಿಸುವ ಯಂತ್ರ ಯಾರಲ್ಲಿಯೂ ಇಲ್ಲ.

ಮುಂದಿನ ಸಲ ಹಂಪೆಗೆ ಹೋಗುವ ವಿದ್ಯಾರ್ಥಿಗಳು ಗ್ರೀನ್‌ಲಾ ತೆಗೆದ ಚಿತ್ರವೊಂದರ ಪ್ರತಿಯನ್ನು ಜೊತೆಗೆ ಒಯ್ಯಲಿ. ಆತ ನಿಂತ ಸ್ಥಳವನ್ನು ಹುಡುಕಿ, ಅಲ್ಲಿಯೇ ನಿಂತು, ಏನು ಉಳಿದಿದೆ, ಏನು ಹೋಗಿದೆ ಎಂಬುದನ್ನು ಗುರುತುಮಾಡಿಕೊಂಡು, ತಾವೂ ಒಂದು ಚಿತ್ರವನ್ನು ತೆಗೆದು ದಿನಾಂಕ ಬರೆದಿಡಲಿ. ಇನ್ನು ನೂರು ವರ್ಷಗಳ ತರುವಾಯ ಬರುವವರಿಗೆ ಅದೇ ಕಾಲಯಂತ್ರವಾದೀತು.